ಬಾನೆಟ್ಟಿನ ಮೇಲಿನ ಸಹಿ

ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಒಂದು ಕೂಸು ಬಂದಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದಕ್ಕೆ ಸ್ನಾನ. ಎರಡೂ ಮನೆಗಳ ಬಚ್ಚಲ ಕಿಟಕಿಗಳು ಎದುರುಬದುರಾಗಿರುವುದರಿಂದ ಕೂಸಿನ ಅಳುವೂ ಅದರ ಶಾಂಪೂವಿನ ಪರಿಮಳವೂ ತಪ್ಪದೆ ನನ್ನ ಮನೆಗೆ ಬರುತ್ತವೆ. ಆ ಪರಿಮಳಕ್ಕೆ ಯಾರಿಗಾದರೂ ಏನು ನೆನಪಾಗಬೇಕು, ಹೇಳಿ. ತೊಟ್ಟಿಲು, ಎಳೆಯ ಪಾದ, ಹೆಚ್ಚೆಂದರೆ ತಮ್ಮ ಬಾಲ್ಯ. ನನಗೆ ನೆನಪಾಗುವುದು ಹಳದಿ ಬಣ್ಣದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತ ಒಂದು ಸ್ಪೋರ್ಟ್ಸ್ ಕಾರು. ನಗಬೇಡಿ. ಕಾರಣವಿದೆ.

ಕಾರು ನಮ್ಮ ವಸಂತ ಕಾಕಾನದು. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಧಾರವಾಡದಿಂದ ಪುಣೆಗೆ ಬಂದು, ಸ್ವಾರಗೇಟ ಬಸ್ ಸ್ಟ್ಯಾಂಡಿನ ಎದುರಿನ ಗಲ್ಲಿಯಲ್ಲಿ ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ ಇಟ್ಟು, ಸುಮಾರು ನಲವತ್ತು ವರ್ಷ ಅದರ ಹಿಂದೆ ನಿಂತವರು. ಝೆರಾಕ್ಸ್ ಅವರಿಗೆ ಹೊಟ್ಟೆಪಾಡು, ಲ್ಯಾಮಿನೇಶನ್ ಅವರಿಗೆ ಧರ್ಮ. ಜಗತ್ತಿನ ವಸ್ತುಗಳಲ್ಲಿ ಎರಡೇ ಬಗೆ: ಲ್ಯಾಮಿನೇಟ್ ಆದವು, ಇನ್ನೂ ಆಗಬೇಕಾದವು. ಅವರ ಮನೆಯಲ್ಲಿ ಗ್ಯಾಸ್ ಬುಕಿಂಗ್ ನಂಬರು ಲ್ಯಾಮಿನೇಟ್ ಆಗಿದೆ, ಅವರ ಹೆಂಡತಿ, ಅಂದರೆ ನಮ್ಮ ಕಾಕು, ಬರೆದಿಟ್ಟ ಮಸಾಲೆಖಾರದ ಅಳತೆ ಲ್ಯಾಮಿನೇಟ್ ಆಗಿದೆ, ಅವರ ಮದುವೆಯ ಲಗ್ನಪತ್ರಿಕೆಯಂತೂ ಎರಡು ಸಲ ಆಗಿದೆ. ಒಮ್ಮೆ ಒಂದು ಹಪ್ಪಳವನ್ನೂ ಯಂತ್ರದೊಳಗೆ ತೂರಿಸಿದ್ದರು ಎಂದು ನನ್ನ ನೆನಪು. ಕಾಕಾ ಒಪ್ಪುವುದಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ಒಪ್ಪುವುದಿಲ್ಲವಾದ್ದರಿಂದ ಹಪ್ಪಳದ ಮಾತು ಇಲ್ಲಿಗೇ ಬಿಡೋಣ.

ಆದರೆ ನನ್ನ ಎಂ.ಎ. ಪದವಿಪತ್ರದ ಕಥೆಗೆ ಸಾಕ್ಷಿಯಿದೆ, ಅದು ಈಗಲೂ ನನ್ನ ಕಪಾಟಿನಲ್ಲಿದೆ. ಅದು ಬಂದ ದಿನವೇ ಕಾಕಾ ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಕೊಟ್ಟರು. ಮುಂದೆ ಕೆಲಸಕ್ಕೆ ಸೇರುವಾಗ ಪತ್ರದ ಹಿಂಬದಿಗೆ ಒಬ್ಬ ಅಧಿಕಾರಿಯ ಸಹಿ, ಮುದ್ರೆ ಬೇಕೆಂದರು. ಅಧಿಕಾರಿ ಪೆನ್ನು ಊರಿದರು, ಜಾರಿತು. ಮುದ್ರೆ ಒತ್ತಿದರು, ಅದು ಅವರ ಅಂಗೈಗೆ ಹತ್ತಿತು. ಆ ದಿನ ಕಾಕಾ ಉಣ್ಣಲಿಲ್ಲ. ಮರುದಿನದಿಂದ ಅಂಗಡಿಗೆ ಯಾರೇ ಬರಲಿ, ಕಾಗದ ಕೈಗೆ ತೆಗೆದುಕೊಳ್ಳುವ ಮೊದಲು ಮರಾಠಿಯಲ್ಲಿ ಒಂದೇ ಪ್ರಶ್ನೆ: "ಸಹೀ ಝಾಲೀ ಕಾ?" ಸಹಿ ಆಗಿಲ್ಲವೆಂದರೆ ವಾಪಸು. ಸಹಿ ಆಗದ್ದನ್ನು ಪ್ಲಾಸ್ಟಿಕ್ಕಿನೊಳಗೆ ಮುಚ್ಚುವುದು ಅವರ ಪಾಲಿಗೆ ಪಾಪವಾಯಿತು. ಈ ನಿಯಮ ನೆನಪಿಟ್ಟುಕೊಳ್ಳಿ, ಇದಿಲ್ಲದೆ ಮುಂದಿನದು ಬರೀ ಹುಚ್ಚಾಟದಂತೆ ಕಾಣುತ್ತದೆ. ಇದ್ದರೂ ಹಾಗೇ ಕಾಣಬಹುದು.

ಎರಡು ವರ್ಷದ ಹಿಂದೆ ಕಾಕಾ ಅಂಗಡಿ ಮುಚ್ಚಿದರು. ಮುಚ್ಚಿ ಒಂದು ತಿಂಗಳಾಗಿರಲಿಕ್ಕಿಲ್ಲ, ಯಾರೋ ಒಬ್ಬರು ಓಡಿಸಿ ಬೇಸತ್ತಿದ್ದ ಈ ಹಳದಿ ಕಾರನ್ನು ತಂದು ತಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದರು. ಎರಡೇ ಬಾಗಿಲು, ಎರಡೇ ಸೀಟು. ಒಳಗೆ ಕೂಡುವುದಕ್ಕೆ ಮೊದಲು ಮನುಷ್ಯ ಮೂರು ಕಡೆ ಮಡಚಿಕೊಳ್ಳಬೇಕು. ಯಾಕೆ ಕಾಕಾ ಇಂಥದು ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದರು:

"ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಮುಂದ ನಿಂತು ಗದ್ದಲಾ ನೋಡೇನಿ ತಂಗಿ. ಮನ್ಯಾಗ ಅಂದ್ರ ಬಂದವರು ಹೋದವರು. ನಾನೂ ನಿಮ್ಮ ಕಾಕೂನೂ ಇಬ್ಬರ ಎಲ್ಲೀಗೂ ಹೋಗಿಲ್ಲ. ಹಿಂದ ಸೀಟ ಇಲ್ಲ ಅಂದ್ರ ಹಿಂದ ಯಾರೂ ಕೂಡಂಗಿಲ್ಲ, ಹೌದಿಲ್ಲೋ?"

ಇದಕ್ಕಿಂತ ದೊಡ್ಡ ಪ್ರೇಮದ ಮಾತನ್ನು ನಮ್ಮ ಮನೆತನದ ಗಂಡಸರ ಬಾಯಲ್ಲಿ ನಾನು ಕೇಳಿಲ್ಲ. ತೊಂದರೆಯೆಂದರೆ ಅವರು ಅದನ್ನು ನನಗೆ ಹೇಳಿದರು, ಕಾಕುಗೆ ಹೇಳಲಿಲ್ಲ. ಕಾಕು ಮೂವತ್ತು ವರ್ಷ ಹುಡುಗಿಯರಿಗೆ ಗಣಿತ ಕಲಿಸಿದವರು. ನಾನೂ ಕಾಕಾನೂ ನಿಂತಿದ್ದ ಬಾಲ್ಕನಿಗೆ ಬಂದರು, ಕೆಳಗೆ ನೋಡಿದರು.

"ಯಾರದ್ರೀ ಅದು?"

"ನಮ್ದ."

"ನಮ್ದಲ್ಲ. ನಮ್ದಾಗಿದ್ರ ನನಗ ಗೊತ್ತಿರ್ತಿತ್ತು."

ಅಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ಹೊತ್ತಿಗೆ ಸರಿಯಾಗಿ ಚಹಾ ಬಂತು, ಭಕ್ರಿ ಬಂತು. ಆದರೆ ಕಾರಿನ ಮಟ್ಟಿಗೆ ಕಾಕು ಪಕ್ಕದ ಮನೆಯವರಾದರು. "ನಿಮ್ಮ ಗಾಡಿ ಮ್ಯಾಲೆ ಬೆಕ್ಕು ಮಲಗೇದ ನೋಡ್ರಿ" ಎನ್ನುವರು. ಹೊಸ ಗಾಡಿ ಬಂದರೆ ಮನೆಯಾಕೆ ಅರಿಶಿನ ಕುಂಕುಮ ಹಚ್ಚಬೇಕಲ್ಲ, ಕಾಕಾ ಕುಂಕುಮದ ಭರಣಿ ಹಿಡಿದು ನಿಂತರೆ, "ಯಾರ ಗಾಡಿನೋ ಅವರ ಮನ್ಯಾಕಿ ಹಚ್ಚಲಿ" ಎಂದು ಒಳಗೆ ಹೋದರು. ಕಾಕಾ ಆ ಕಾರಿನಲ್ಲಿ ಒಬ್ಬರೇ ಹೋಗಿ ಉಳ್ಳಾಗಡ್ಡಿ ತಂದರು. ಪಕ್ಕದ ಸೀಟಿನ ಮೇಲಿಟ್ಟ ಚೀಲವನ್ನು ಕಾರು ಮನುಷ್ಯನೆಂದು ತಿಳಿದು, ಬೆಲ್ಟ್ ಹಾಕುವವರೆಗೂ ಕುಂಯ್‌ಗುಟ್ಟಿತಂತೆ. ಕೊನೆಗೆ ಉಳ್ಳಾಗಡ್ಡಿಗೆ ಬೆಲ್ಟ್ ಕಟ್ಟಿಕೊಂಡು ಬಂದರು. ಕಾಕು ಬಾಲ್ಕನಿಯಿಂದ ಅದನ್ನೂ ನೋಡಿದರು.

ಈ ನಡುವೆ ಕಾಕಾನಿಗೆ ಒಂದು ಸುದ್ದಿ ತಿಳಿಯಿತು: ಕಾರಿನ ಬಣ್ಣ ಕೆಡದಂತೆ ಅದರ ಮೈಗೆಲ್ಲ ಪಾರದರ್ಶಕ ಫಿಲ್ಮ್ ಹಚ್ಚುತ್ತಾರೆ. ಇಡೀ ಕಾರಿಗೆ ಲ್ಯಾಮಿನೇಶನ್. ಇಷ್ಟು ವರ್ಷ ಆಧಾರ್ ಕಾರ್ಡಿನ ಅಳತೆಯಲ್ಲೇ ಬದುಕಿದ ಮನುಷ್ಯನಿಗೆ ಇದು ಆಕಾಶ ತೆರೆದಂತೆ. ಹಿಂಜವಾಡಿಯ ಕಡೆ ಅಂಥದೊಂದು ಸ್ಟುಡಿಯೋ ಹುಡುಕಿದರು. ಮೂರು ದಿನದ ಕೆಲಸ. ಮೂರೂ ದಿನ ನನ್ನನ್ನು ಜೊತೆಗೆ ಕರೆದರು. ನಾನೂ ಅಟೋದಲ್ಲಿ ಹೋದೆ, ಕಾಲೇಜಿಗೆ ರಜೆಯಿತ್ತು ಎಂದು ಬರೆಯಲು ಹೊರಟಿದ್ದೆ. ರಜೆಯಿರಲಿಲ್ಲ, ಹಾಕಿದೆ.

ಸ್ಟುಡಿಯೋದ ಮಾಲೀಕ ನಿಖಿಲ, ಮೂವತ್ತೈದರ ಆಸುಪಾಸಿನ ಮರಾಠಿ ಮನುಷ್ಯ. ಒಳಗೆ ಆಪರೇಷನ್ ಥಿಯೇಟರಿನಂಥ ಬೆಳಕು. ಧೂಳು ಏಳದಿರಲೆಂದು ನೆಲಕ್ಕೆಲ್ಲ ನೀರು ಹೊಡೆದಿದ್ದ. ನಮ್ಮ ಚಪ್ಪಲಿ ಬಿಡಿಸಿದ. ಮೊದಲು ಕಾರನ್ನು ತೊಳೆದು, ಜೇಡಿಯಂಥದೊಂದು ಮುದ್ದೆಯಿಂದ ಉಜ್ಜಿ, ಒರೆಸಿ, ಮತ್ತೆ ಒರೆಸಿದ. ಆಮೇಲೆ ಕೂಸಿನ ಶಾಂಪೂ ಬೆರೆಸಿದ ನೀರು ಸಿಂಪಡಿಸಿದ. ಆ ಜಾರಿಕೆಯ ಮೇಲೆ ಫಿಲ್ಮನ್ನು ತೇಲಿಸಿ, ಅತ್ತಿತ್ತ ಸರಿಸಿ ಕೂಡಿಸಿ, ರಬ್ಬರಿನ ಪಟ್ಟಿಯಿಂದ ನೀರನ್ನೆಲ್ಲ ಅಂಚಿಗೆ ತಳ್ಳುತ್ತಾರೆ. ಪರಿಮಳದ ಕಾರಣ ತಿಳಿಯಿತಲ್ಲ. ಕಾಕಾ ಬಾಟಲಿಯನ್ನು ಮೂಸಿ, ಸಹೋದ್ಯೋಗಿಯ ಗಾಂಭೀರ್ಯದಿಂದ ನನಗೆ ಹೇಳಿದರು: "ನಮ್ಮದು ಬಿಸಿ, ಇವರದು ಹಸಿ. ಕೆಲಸ ಒಂದ."

ಮೊದಲ ದಿನ ನಿಖಿಲನಿಗೆ ಕಾಕಾ ತಲೆನೋವಾಗಿದ್ದರು. ಮೂಲೆ ಬಿಡಬೇಡ, ಏಳುವುದು ಮೂಲೆಯಿಂದಲೇ ಎಂದು ಅವರು, "ಕಾಕಾ, ಮೀ ಕರತೋ ನಾ", ನಾನು ಮಾಡುತ್ತಿದ್ದೇನಲ್ಲ, ಎಂದು ಅವನು. ಎರಡನೆಯ ದಿನ, ಹತ್ತು ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತ ಕಾಕಾ ಡಿಕ್ಕಿಯ ಅಂಚಿನಲ್ಲಿ ಸಾಸಿವೆಯ ಕಾಲುಭಾಗದಷ್ಟು ಗುಳ್ಳೆಯನ್ನು ಬೆರಳು ಮಾಡಿ ತೋರಿಸಿದರು. ನಿಖಿಲ ಟಾರ್ಚ್ ಹಿಡಿದು ನೋಡಿದ, ಗುಳ್ಳೆ ಇತ್ತು. ಆಮೇಲೆ ಅವನು ಕಾಕಾನಿಗೆ ತನ್ನ ಡಬ್ಬಿಯ ಚಪಾತಿ ಕೊಟ್ಟ.

ಮೂರನೆಯ ದಿನ ಬಾನೆಟ್ ಒಂದೇ ಉಳಿದಿತ್ತು. ನಿಖಿಲನೂ ಅವನ ಜೊತೆಗಾರನೂ ಫಿಲ್ಮಿನ ದೊಡ್ಡ ಹಾಳೆಯನ್ನು ಎರಡು ತುದಿ ಹಿಡಿದು ಬಾನೆಟ್ಟಿನ ಮೇಲೆ ತಂದರು. ಆಗ ಕಾಕಾ ಎದ್ದು ನಿಂತು ತಡೆದರು.

"ಥಾಂಬಾ. ಸಹೀ ಝಾಲೀ ನಾಹೀ."

ಬಿಲ್ಲಿನ ಮಾತಿರಬೇಕೆಂದು ನಿಖಿಲ ಒಂದು ಫಾರ್ಮು, ಪೆನ್ನು ತಂದ. ನನ್ನದಲ್ಲ, ನನ್ನ ಹೆಂಡತಿಯದು ಎಂದರು ಕಾಕಾ. ಗಾಡಿ ಅವರ ಹೆಸರಿನಲ್ಲಿದೆಯೇ ಎಂದ ನಿಖಿಲ. ಇಲ್ಲ ಎಂದರು. ಹಾಗಾದರೆ ಎಂದ. ಆಗ ಕಾಕಾ ವಿವರಿಸಿದರು: ಬಾನೆಟ್ಟಿನ ಮೇಲೆ ಆಕೆಯ ಕುಂಕುಮದ ಬೊಟ್ಟು ಬೀಳಬೇಕು, ಅದರ ಮೇಲೆ ಫಿಲ್ಮ್. ಒಂದೇ ಬೊಟ್ಟು. ಹೆಬ್ಬೆಟ್ಟಿನ ಗುರುತಾದರೂ ನಡೆಯುತ್ತದೆ.

ನಿಖಿಲ ಮೆಲ್ಲಗೆ ಹೇಳಿದ: "ಕಾಕಾ, ಒಂದು ಕಣ ಧೂಳು ಬರಬಾರದೆಂದು ಮೂರು ದಿನದಿಂದ ನೆಲಕ್ಕೆ ನೀರು ಹೊಡೆಯುತ್ತಿದ್ದೇನೆ. ನೀವು ಪುಡಿಯನ್ನೇ ತರಿಸುತ್ತೀರಾ?"

"ಸಹಿ ಆಗದ್ದನ್ನ ನಾ ಲ್ಯಾಮಿನೇಟ್ ಮಾಡಿಲ್ಲ, ಮಾಡ್ಸಂಗೂ ಇಲ್ಲ" ಎಂದು ಕಾಕಾ ಕನ್ನಡದಲ್ಲಿ ನನಗೆ ಹೇಳಿದರು. ನಿಖಿಲನಿಗೆ ಅರ್ಥವಾದದ್ದು ಸಹಿ, ಲ್ಯಾಮಿನೇಟ್ ಎಂಬ ಎರಡೇ ಶಬ್ದ, ಅವೇ ಅವನಿಗೆ ಸಾಕಾದವು. ಸಂಜೆ ಐದಕ್ಕೆ ಬೇರೆ ಗಾಡಿ ಬರುವುದಿದೆ, ನಾಲ್ಕರವರೆಗೆ ಕಾಯುತ್ತೇನೆ ಎಂದ. ಕಾರಿನ ಮಾತು ಬಂದರೆ ಕಾಕು ಫೋನು ಇಟ್ಟುಬಿಡುತ್ತಿದ್ದರು. ಹಾಗಾಗಿ ನಾನು ಅಟೋ ಹಿಡಿದೆ.

ಕಾಕು ನೆಲದ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು. ನಾನು ಹೇಳಿದ್ದನ್ನು ತಲೆ ಎತ್ತದೆ ಕೇಳಿದರು.

"ಎಲ್ಲಾ ಆದ ಮ್ಯಾಲೆ ಸಹಿ ಕೇಳೂದಕ್ಕ ಏನಂತಾರ ಗೊತ್ತದೇನು? ಒಪ್ಪಿಗಿ ಅನ್ನಂಗಿಲ್ಲ, ಹಾಜರಿ ಅಂತಾರ."

"ಹೆಬ್ಬೆಟ್ಟಾದ್ರೂ ಸಾಕಂತ ಕಾಕು."

"ಎಮ್ಮೆಸ್ಸಿ ಮಾಡಿದಾಕಿಗೆ ಹೆಬ್ಬೆಟ್ಟು. ಭಾಳ ಚಂದ." ಎರಡು ಕಲ್ಲು ಆರಿಸಿ ಬದಿಗಿಟ್ಟರು. "ಅಲ್ಲಾ, ಈ ಗಾಡಿ ವಿಷಯ ನಿನಗ ಯಾವಾಗ ಗೊತ್ತಾತು?"

"ನಿಮ್ಮ ಜೋಡೀನ ಕಾಕು. ಬಾಲ್ಕನ್ಯಾಗ."

ಕಾಕು ಒಂದು ಕ್ಷಣ ನನ್ನನ್ನು ನೋಡಿ ಎದ್ದರು, ಸೀರೆ ಬದಲಿಸಿದರು. "ಹಚ್ಚಲಿಕ್ಕೆ ಬರಲಿಕ್ಕತ್ತಿಲ್ಲ. ನೋಡಲಿಕ್ಕೆ ಬರ್ತೀನಿ" ಎಂದರು. ಆದರೂ ಭರಣಿ ಪರ್ಸಿನೊಳಗೆ ಹೋದದ್ದನ್ನು ನಾನು ಕಂಡೆ. ಹಿಂಜವಾಡಿಯ ದಾರಿಯ ಬಗ್ಗೆ ಪುಣೆಯವರಿಗೆ ಹೇಳಬೇಕಾದ್ದಿಲ್ಲ, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ. ಕಂಪನಿ ಬಸ್ಸುಗಳ ನಡುವೆ ಅಟೋದಲ್ಲಿ ಸಿಕ್ಕಿಕೊಂಡು, ನಾವು ಗಂಟೆಗೆ ಎಷ್ಟು ದೂರ ಹೋಗುತ್ತಿದ್ದೇವೆ ಎಂದು ಕಾಕು ಬಾಯಿಲೆಕ್ಕ ಮಾಡಿ ಅಟೋದವನಿಗೇ ತಿಳಿಸಿದರು. ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ.

ಕಾಕಾ ಕುರ್ಚಿಯಿಂದೆದ್ದು, ಪರೀಕ್ಷೆಗೆ ತಡವಾಗಿ ಬಂದ ಹುಡುಗನ ಹಾಗೆ ಗೋಡೆಗೆ ಹತ್ತಿ ನಿಂತರು. ಕಾಕು ಅವರನ್ನು ಬಿಟ್ಟು ನೇರ ನಿಖಿಲನ ಬಳಿ ಹೋಗಿ, ಇದೇನು ಹಚ್ಚುತ್ತೀರಿ, ಯಾಕೆ ಎಂದು ಮರಾಠಿಯಲ್ಲಿ ಕೇಳಿದರು. ನಿಖಿಲನಿಗೆ ಮೂರು ದಿನದಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ, ಬರೀ ಸಲಹೆ ಕೊಟ್ಟಿದ್ದರು. ಖುಷಿಯಾಗಿ, ಫಿಲ್ಮ್ ಹಚ್ಚಿದ ಒಂದು ಮಾದರಿ ತಗಡು ತಂದ. ತಂತಿ ಬ್ರಷ್ಷಿನಿಂದ ಗೀಚಿದ. ಬಿಸಿಗಾಳಿ ಬಿಟ್ಟ. ಗೀರುಗಳು ಮಾಯವಾದವು.

ಕಾಕು ತಲೆಯಿಂದ ಪಿನ್ನು ತೆಗೆದು ತಾವೇ ಒಂದು ಲಂಬಕೋನ ತ್ರಿಕೋನ ಗೀಚಿದರು. ಅದೂ ಹೋಯಿತು. ವರ್ತುಲ ಗೀಚಿದರು. ಅದೂ. ಐದನೆಯ ಆಕೃತಿಯ ಹೊತ್ತಿಗೆ ನಾಲ್ಕು ದಾಟಿತ್ತು, ನಿಖಿಲ ಗಡಿಯಾರ ನೋಡಿಕೊಂಡ.

"ಅಂದ್ರ ಇದರ ಮ್ಯಾಲೆ ಏನೂ ಉಳಿಯಂಗಿಲ್ಲ" ಎಂದು ಕಾಕು ಮೊದಲ ಸಲ ಕಾಕಾನತ್ತ ತಿರುಗಿದರು. "ಕೆಳಗ ಹಚ್ಚಿದ್ದು?"

"ಕೆಳಗಿಂದು ಹತ್ತು ವರ್ಷ ಅಲ್ಲಾಡಂಗಿಲ್ಲ" ಎಂದರು ಕಾಕಾ, ಆಸೆಯಿಂದ.

"ಹಂಗಾದ್ರ ಒಮ್ಮೆ ಹೂಂ ಅಂದ್ರ ಹತ್ತು ವರ್ಷ ಹೂಂ."

ನಲವತ್ತು ವರ್ಷದ ಧರ್ಮದಲ್ಲಿ ಇಂಥದೊಂದು ದೋಷವಿದೆಯೆಂದು ಕಾಕಾನಿಗೆ ಯಾರೂ ತೋರಿಸಿರಲಿಲ್ಲ.

"ನನ್ನ ಹೂಂ ಲ್ಯಾಮಿನೇಟ್ ಮಾಡಸಬ್ಯಾಡ್ರಿ" ಎಂದರು ಕಾಕು. ದನಿ ಮೆತ್ತಗಾಗಿತ್ತು. "ಇವರು ಮೊದಲ ಹಚ್ಚಿ ಮುಗಸ್ಲಿ. ನಾ ಮ್ಯಾಲೆ ಹಚ್ಚತೀನಿ. ಅಳಸಲಿಕ್ಕೆ ಬರೂಹಂಗ."

"ಯಾವಾಗ ಅಳಸ್ತೀ?"

"ಕೇಳದ ಎಲ್ಲೆರೆ ಹೋದ್ರ."

"ಕೇಳಿದ್ರ?"

"ಕೇಳಿ ನೋಡ್ರಿ."

ನಿಖಿಲ ಹಾಳೆ ಇಳಿಸಿದ. ಏಳು ದಿನ ತೊಳೆಯಬಾರದು, ಏನೂ ಹಚ್ಚಬಾರದು ಎಂದ. ಹೀಗಾಗಿ ಕಾರು ಏಳು ದಿನ ಪಾರ್ಕಿಂಗಿನಲ್ಲೇ ನಿಂತಿತು, ಕಾಕಾ ಅದರ ಪಕ್ಕ ಕುರ್ಚಿ ಹಾಕಿಕೊಂಡು ಬೆಕ್ಕು ಹತ್ತದಂತೆ ಕಾದರು. ಎಂಟನೆಯ ದಿನ ಕೆಳಗೆ ನಿಂತು ಬಾಲ್ಕನಿಯತ್ತ ಮುಖ ಮಾಡಿ, ಇಡೀ ಸೊಸೈಟಿಗೆ ಕೇಳುವಂತೆ, "ಏ, ಇಬ್ಬರೂ ಕೂಡಿ ಸಿಂಹಗಡಕ್ಕ ಹೋಗೂಣೇನು?" ಎಂದರು. ಕಾಕು ಇಳಿದು ಬಂದು ಬೊಟ್ಟಿಟ್ಟರು.

ಅಂದಿನಿಂದ ಇದೇ ಪದ್ಧತಿ. ಕಾಕಾ ಕೇಳುತ್ತಾರೆ, ಕಾಕು ಬೊಟ್ಟಿಡುತ್ತಾರೆ, ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಬೊಟ್ಟು ಬೀಳದ ದಿನ ಕಾಕಾ ಸಿಟಿ ಬಸ್ಸಿನಲ್ಲಿ ಹೋಗುತ್ತಾರೆ. ಆರು ತಿಂಗಳಿಂದ ಕಾಕು ಡ್ರೈವಿಂಗ್ ಕಲಿತು ತಾವೂ ಓಡಿಸುತ್ತಾರೆ, ಆಗಲೂ ಬೊಟ್ಟು ಕಡ್ಡಾಯ.

ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಪ್ರತಿ ಸಲವೂ ಇದರಲ್ಲಿ ನಾನು ಬರೀ ಅಟೋದಲ್ಲಿ ಓಡಾಡಿದ ನಿರಪರಾಧಿ. ಮೊನ್ನೆ ಪಕ್ಕದ ಕೂಸಿನ ಶಾಂಪೂ ಬಂದಾಗ, ಇದನ್ನು ಬರೆಯೋಣವೆಂದು ಹಳೆಯ ದಿನಚರಿ ತೆಗೆದೆ. ಬಾನೆಟ್ಟಿನ ದಿನದ ಕೆಳಗೆ ಬರೆದದ್ದು ಇಷ್ಟೇ: "ಟ್ರಾಫಿಕ್. ತಲೆನೋವು." ಆದರೆ ಕಾರು ಬರುವುದಕ್ಕೆ ಒಂದು ವಾರ ಮೊದಲಿನ ಪುಟದಲ್ಲಿ ನನ್ನದೇ ಅಕ್ಷರ: "ಕಾಕಾ ಕಾರಿನ ಫೋಟೋ ತೋರಿಸಿದರು. ಕಾಕುಗೆ ಹೇಳಬೇಡ ಎಂದರು. ಹೇಳಲಿಲ್ಲ."

ನಾನು ಕಾಕುಗೆ ಸುಳ್ಳು ಹೇಳಿದ್ದೆ. ಅದಕ್ಕಿಂತ ಹೆಚ್ಚು ದಿಗಿಲಾದದ್ದು, ಅದು ಸುಳ್ಳೆಂಬುದನ್ನು ನಾನು ಅಷ್ಟು ಅಚ್ಚುಕಟ್ಟಾಗಿ ಮರೆತಿದ್ದಕ್ಕೆ. ಫೋಟೋ ನೋಡಿ ಬಣ್ಣ ಚೆನ್ನಾಗಿದೆ ಎಂದೂ ಹೇಳಿರಬೇಕು. ಅದನ್ನು ದಿನಚರಿಯಲ್ಲೂ ಬರೆದಿಲ್ಲ. ಕಾಕುಗೆ ಫೋನು ಮಾಡಿದೆ.

"ಕಾಕು, ಅವತ್ತು ನಾ ಸುಳ್ಳು ಹೇಳಿದ್ದೆ. ಗಾಡಿ ವಿಷಯ ನನಗ ಒಂದು ವಾರ ಮೊದಲ ಗೊತ್ತಿತ್ತು."

"ಗೊತ್ತದ."

"ಯಾರು ಹೇಳಿದ್ರು?"

"ಯಾರ್ಯಾಕ ಹೇಳಬೇಕು. ಅವತ್ತು ಬಾಲ್ಕನ್ಯಾಗ ನೀ ಗಾಡಿ ನೋಡಲೇ ಇಲ್ಲ, ನನ್ನ ಮಾರಿ ನೋಡಿದಿ." ಆ ಕಡೆ ಒಗ್ಗರಣೆಯ ಸದ್ದು. "ಅದಕ್ಕ ಎರಡು ವರ್ಷಾತು, ನಿನ್ನ ಅದರಾಗ ಕೂಡಿಸಿಲ್ಲ."

ಇರುವುದೇ ಎರಡು ಸೀಟು, ಅದಕ್ಕೇ ಇರಬೇಕೆಂದು ನಾನು ತಿಳಿದಿದ್ದೆ.

"ಬ್ಯಾಸರಾತೇನು?" ಎಂದರು ಕಾಕು.

"ಇಲ್ಲ ಕಾಕು. ತಪ್ಪಾತು."

"ರವಿವಾರ ನಮ್ಮಕ್ಕನ ಮನೀಗೆ ಊಟಕ್ಕ ಕರದಾರ. ನೀನೂ ಬಾ, ನಾ ಓಡಸ್ತೀನಿ, ಬಾಜೂಕ ಕೂಡು."

"ಕಾಕಾ?"

"ಒಂದು ನಿಮಿಷ ತಡಿ" ಎಂದು ಕಾಕು ಫೋನನ್ನು ದೂರ ಹಿಡಿದದ್ದು ತಿಳಿಯಿತು. "ಏನ್ರೀ, ರವಿವಾರ ಈಕಿನ್ನ ಗಾಡ್ಯಾಗ ಕರ್ಕೊಂಡು ಹೋಗಬೇಕಂತೀನಿ. ನೀವು ಬಸ್ಸಿಗೆ ಬರ್ತೀರೇನು?"

ದೂರದ ಕೋಣೆಯಿಂದ, ಸ್ವಲ್ಪ ತಡವಾಗಿ, "ಹೂಂ" ಎನ್ನುವುದು ಕೇಳಿಸಿತು.