ಗೋಡೆಯಾಚೆ ಹೋಗುವ ಕರೆಂಟು

ನಮ್ಮ ಮಾವ ಯಾರನ್ನೂ ನಂಬುವ ಮನುಷ್ಯ ಅಲ್ಲ. ಹಾಲಿನವಳು ಅಳೆದು ಹಾಕಿದ ಹಾಲನ್ನು ಮತ್ತೊಮ್ಮೆ ಅಳೆಯುವವರು, ಬೀಗ ಹಾಕಿದ ಮೇಲೂ ಜಗ್ಗಿ ಜಗ್ಗಿ ನೋಡುವವರು. ಮದುವೆಯಾಗಿ ಗಲಗಲಿಯಿಂದ ರಬಕವಿಗೆ ಬಂದ ಹೊಸದರಲ್ಲಿ ನಾನು ಸಕ್ಕರೆ ಡಬ್ಬಿ ಮುಟ್ಟಿದರೂ ಅವರ ಕಣ್ಣು ಅಡುಗೆಮನೆ ಕಡೆ ತಿರುಗುತ್ತಿತ್ತು. ಅಂಥವರು ಕರೆಂಟಿನ ಮಗ್ಗದ ಶೆಡ್ಡಿನ ಮೇಲೆ ಸೋಲಾರ್ ಹಾಕಿಸಲು ಒಪ್ಪಿದ್ದೇ ದೊಡ್ಡ ಮಾತು. ನನ್ನ ಗಂಡನಿಗೆ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಅವರು ಒಂದು ವರ್ಷ ಬೆನ್ನು ಹತ್ತಿ ಒಪ್ಪಿಸಿದರು.

ಮಾವನ ಅನುಮಾನವೆಲ್ಲ ಹೆಚ್ಚಾಗಿ ಒಂದು ಗೋಡೆಯ ಮೇಲಿತ್ತು. ಮೊದಲು ಶೆಡ್ಡು ಒಂದೇ. ಆಸ್ತಿ ಪಾಲಾಗಿ ವಾಟ್ನಿ ಆಗುವಾಗ ಮಾವನಿಗೂ ಅವರ ತಮ್ಮನಿಗೂ ಜಗಳ ಹತ್ತಿ, ನಡುವೆ ಗೋಡೆ ಎದ್ದಿತು. ಅಣ್ಣತಮ್ಮ ಮಾತು ಬಿಟ್ಟರು, ಅದು ಅವರ ಹಣೆಬರಹ. ಆದರೆ ನಮ್ಮ ಅತ್ತೆ ಮತ್ತು ಆಚೆ ಮನೆಯ ಚಿಕ್ಕತ್ತೆ ಒಡಹುಟ್ಟಿದ ಅಕ್ಕತಂಗಿ. ಇಬ್ಬರದೂ ಒಂದೇ ಹಂದರದಲ್ಲಿ ಮದುವೆಯಾಗಿತ್ತಂತೆ. “ಆ ಮನಿ ಹೊಸ್ತಲಾ ತುಳದ್ರ ಈ ಮನಿಗೆ ಬರಬ್ಯಾಡ” ಎಂದು ಮಾವ ಹೇಳಿದ ದಿನದಿಂದ ಅತ್ತೆ ತಂಗಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಆಚೆ ತಂಗಿ ಕೆಮ್ಮಿದರೆ ಇವರ ಕೈ ನಿಂತುಬಿಡುತ್ತಿತ್ತು. ನೋಡಿ ನನಗೆ ಸಿಟ್ಟು ಬರುತ್ತಿತ್ತು. ಹುಟ್ಟಿದಾಗಿನಿಂದ ಇದ್ದ ತಂಗಿಯನ್ನು ಬಿಡು ಎನ್ನಲು ನಡುವೆ ಬಂದ ಗಂಡ ಯಾರು?

ಪ್ಯಾನೆಲ್ ಕೂಡಿಸಿದ ಫಿಟ್ಟರ್ ಹೊಸ ಮೀಟರಿನ ಮುಂದೆ ನಿಂತು ಮಾವನಿಗೆ ಎಲ್ಲ ಬಿಡಿಸಿ ಹೇಳಿದ. “ಮಗ್ಗ ಬಂದ್ ಇದ್ದಾಗ ಈ ಕರೆಂಟು ಹೊರಗಿನ ಲೈನಿಗೆ ಹೋಗತೈತ್ರಿ. ಎಷ್ಟು ಹೋತು ಅನ್ನೂದನ್ನ ಮೀಟರ್ ತೋರಸತೈತಿ. ಬಿಲ್ಲಿನ್ಯಾಗ ನಿಮಗ ಜಮಾ ಆಗತೈತಿ.”

“ಲೈನಿಗೆ ಹೋಗಿ ಮುಂದ ಎಲ್ಲಿ ಹೋಗತೈತಿ?”

“ಭಾಳ ದೂರ ಹೋಗೂದಿಲ್ರಿ. ಬಾಜೂಕ ಯಾರ ಮಗ್ಗ ನಡದಿರತಾವ, ಮೊದಲ ಅಲ್ಲೇ ಖರ್ಚಾಗತೈತಿ.”

ಪಕ್ಕದ ಶೆಡ್ಡಿನಲ್ಲಿ ಯಾರಿದ್ದಾರೆಂದು ಪಾಪ ಅವನಿಗೇನು ಗೊತ್ತು? ಮಾವನ ಮುಖ ಕೆಂಪೇರಿತು. “ನನ್ನ ಮಾಳಗಿ ಮ್ಯಾಲಿನ ಬಿಸಲು ಅವನ ಮಗ್ಗಕ್ಕ?” ಎಂದರು. ಜಮಾ, ಬಿಲ್ಲು ಯಾವುದೂ ಅವರ ಕಿವಿಗೆ ಹೋಗಲಿಲ್ಲ.

ಮಾವ ಊರಿಗೆ ಹೊರಟರೆಂದರೆ ಮೊದಲಿನಿಂದಲೂ ಶೆಡ್ಡು ಬಂದ್. ತಾವು ಕಣ್ಣಿಟ್ಟು ಕೂರದಿದ್ದರೆ ಕೂಲಿಯವರು ನೂಲು ಹೊತ್ತೊಯ್ಯುತ್ತಾರೆಂಬ ನಂಬಿಕೆ. ಈಗ ಹೊರಡುವ ಮೊದಲು ಸೋಲಾರ್ ಸ್ವಿಚ್ಚನ್ನೂ ಆರಿಸಲು ಶುರು ಮಾಡಿದರು. “ಹಾಳಾಗಿ ಹೋಗ್ಲಿ, ಅವಂಗ ಮಾತ್ರ ಸಿಗಬಾರದು.” ಆಹಾ, ಏನು ಶಾಣ್ಯಾತನ! ತಲೆ ಸುಡುವ ಬಿಸಿಲಿದೆ, ದುಡಿಯಲು ಪ್ಯಾನೆಲ್ ಇದೆ, ಇವರು ಬಟನ್ ಒತ್ತಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ಒಂದು ಸಂಜೆ ಜಮಖಂಡಿಯಿಂದ ಬಂದವರೇ ಮೀಟರ್ ಮುಂದೆ ನಿಂತು ಕೂಗಿದರು. “ನಾ ಆರಿಸಿ ಹೋಗೇನಿ! ಹೊರಗ ಹೋಗೂ ಅಂಕಿ ಹೆಂಗ ಓಡೈತಿ?”

ಮೊದಲು ಮೀಟರಿನ ಮೇಲೆ ಅನುಮಾನ. ಕರೆಂಟ್ ಆಫೀಸಿಗೆ ಹೋಗಿ ಗದ್ದಲ ಹಾಕಿದರು. ಅವರು ಬಂದು ಪರೀಕ್ಷೆ ಮಾಡಿ, ಮೀಟರ್ ಬರೋಬರಿ ಇದೆ ಎಂದು ಹೇಳಿ ಹೋದರು. ಆಮೇಲೆ ಫಿಟ್ಟರ್ ಮೇಲೆ. ಅವನು ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ತಮ್ಮನ ಮೇಲೆ. ಗೋಡೆಯೊಳಗೆ ಕಳ್ಳ ವೈರ್ ಎಳೆದಿದ್ದಾನೆಂದು ಸ್ಟೂಲ್ ಹತ್ತಿ, ಲಾಳಿ ಹಿಡಿದು, ಗೋಡೆಯನ್ನು ಉದ್ದಕ್ಕೂ ಕುಟ್ಟಿ ಕುಟ್ಟಿ ನೋಡಿದರು. ಕೂಲಿಯವರು ಮುಖ ಆಚೆ ತಿರುಗಿಸಿ ನಕ್ಕರು. ನಾನು ನಗಲಿಲ್ಲ. ಖರೆ ಹೇಳಬೇಕೆಂದರೆ ಅವರ ಅನುಮಾನ ನನಗೂ ತುರಿಯ ಹಾಗೆ ಅಂಟಿಕೊಂಡಿತ್ತು. ಶೆಡ್ಡಿನ ಕೀಲಿ ಇರುವುದು ಮನೆಯೊಳಗೆ, ಮೊಳೆಗೆ ತೂಗುಹಾಕಿ. ಹೊರಗಿನವರು ಹೇಗೆ ಬರುತ್ತಾರೆ? ನಾನು ಕೂಲಿಯವರ ಮುಖ ನೋಡಿದೆ, ಗಂಡನ ಮುಖವನ್ನೂ ನೋಡಿದೆ. ಅತ್ತೆಯ ಮುಖ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ. ಗಂಡ ಹಾಕಿದ ಗೆರೆ ದಾಟದ ಹೆಂಗಸು ಎಂದು ನಾನೂ ಅಂದುಕೊಂಡಿದ್ದೆ.

ಅದೊಂದು ದಿನ ಮಾವ ಬೀಳಗಿಗೆಂದು ಹೊರಟರು. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಚಹಾ ಕುಡಿದು, ಸದ್ದಿಲ್ಲದೆ ವಾಪಸ್ಸು ಬಂದರು. ನಾನು ಶೆಡ್ಡಿನಲ್ಲಿ ಮಗ್ಗದ ಕೆಳಗಿನ ಅರಳೆಪುಡಿ ಗುಡಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಮಾವ. ಅವರ ಕಣ್ಣು ನನ್ನ ತಲೆಯ ಮೇಲಿನ ಸ್ವಿಚ್ಚಿನ ಮೇಲಿತ್ತು. ಅದು ಚಾಲೂ ಇತ್ತು.

“ನೀನೇನವಾ ಆ ಕಳ್ಳಿ? ಆ ಮನಿಯವರು ಏನ ಕೊಟ್ಟಾರ ನಿನಗ?”

ಕಸಬರಿಗೆ ಬಿಸಾಕಿದೆ. “ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ ಮಾವಾರ! ನಾ ಅದನ್ನ ಮುಟ್ಟಿಲ್ಲ. ನಮ್ಮಪ್ಪನ ಮನಿಯಾಗ ಕಳುವಿನ ಬುದ್ಧಿ ಕಲಿಸಿಲ್ಲ ನನಗ.”

“ನಿಮ್ಮಪ್ಪನ್ನ ಇವತ್ತ ಕರಸತೀನಿ. ಅವನ ಮುಂದ ಹೇಳೂವಂತಿ.”

ನಮ್ಮ ಗಲಾಟೆಗೆ ಅತ್ತೆ ಬಂದರು. ಕೈ ತುಂಬ ಜೋಳದ ಹಿಟ್ಟು. ನನ್ನನ್ನು ಪಕ್ಕಕ್ಕೆ ಸರಿಸಿ ಮಾವನ ಮುಂದೆ ನಿಂತರು.

“ಅಕಿನ್ನ ಬಿಡ್ರಿ. ಅದನ್ನ ಹಾಕಿದಾಕಿ ನಾನ. ನೀವು ಊರಿಗೆ ಹೋದಾಗೆಲ್ಲ ಹಾಕೇನಿ, ನೀವು ಬರೂದ್ರಾಗ ಆರಿಸೇನಿ.”

ಮಾವ ಸ್ವಿಚ್ಚನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. “ನೀನಾ? ಯಾಕ?”

“ಹೋಳಗಿ ಮಾಡಿದಾಗ ಒಂದ ಕಳಸಾಕ ಬಿಡಲಿಲ್ಲ. ಅಕಿ ಜಡ್ಡಾಗಿ ಮಲಗಿದಾಗ ಗಂಜಿ ಒಯ್ಯಾಕ ಬಿಡಲಿಲ್ಲ. ಇದಕ್ಕ ಹೊಸ್ತಲಾ ದಾಟೂದ ಬೇಕಿಲ್ಲ, ಯಾರ್ನೂ ಮಾತಾಡಸೂದ ಬೇಕಿಲ್ಲ. ತಾನ ಹೋಗತೈತಿ. ನನ್ನ ತಂಗಿ ಮನಿಗೆ ಹೋಗ್ಲಿ ಅಂತನ ಹಾಕೇನಿ.” ಅತ್ತೆಯ ಗಂಟಲು ಅಷ್ಟು ಜೋರಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ಅಷ್ಟಾದರೂ ಮಾವನ ಅನುಮಾನ ಸಾಯಲಿಲ್ಲ ನೋಡಿ. “ಅಕಿನ ಹೇಳಿ ಕಳಿಸಿರಬೇಕು. ಯಾರ ಕೈಲೆ ಹೇಳಿ ಕಳಿಸಿದ್ಲು?”

“ಅಕಿಗೆ ಗೊತ್ತ ಇಲ್ರಿ! ಗೊತ್ತಾಗೂದು ಬ್ಯಾಡ.”

ಆಗ ಗೋಡೆಯಾಚೆ ನಡೆಯುತ್ತಿದ್ದ ಮಗ್ಗಗಳ ಸದ್ದು ನಿಂತಿತು. ಮೊದಲು ಒಂದು, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಕರೆಂಟು ಹೋಯಿತೇನೋ ಎಂದು ಮಾವ ಮೇಲೆ ನೋಡಿದರು. ನಮ್ಮ ಶೆಡ್ಡಿನ ಫ್ಯಾನ್ ತಿರುಗುತ್ತಲೇ ಇತ್ತು. ಮಗ್ಗಗಳನ್ನು ಯಾರೋ ಕೈಯಾರೆ ನಿಲ್ಲಿಸಿದ್ದರು.

“ಅಕ್ಕಾ…” ಗೋಡೆಯಾಚೆಯಿಂದ ಚಿಕ್ಕತ್ತೆಯ ದನಿ ಬಂತು, ಅತ್ತು ಒದ್ದೆಯಾದ ದನಿ. “ನನಗ ಗೊತ್ತಿತ್ತ ಬೇ. ವೋಲ್ಟೇಜ್ ಕಮ್ಮಿ ಆಗಿ ನರಳೂ ನಮ್ಮ ಮೋಟಾರು, ನಿಮ್ಮ ಮಗ್ಗ ಬಂದ್ ಇದ್ದ ದಿನ ನರಳೂದ ನಿಲ್ಲಸತಿದ್ವು. ಭಾವಾರಂತೂ ಹಾಕಿ ಹೋಗೂ ಮನಷ್ಯಾ ಅಲ್ಲ. ಇವತ್ತ ನಮ್ಮಕ್ಕ ಹಾಕ್ಯಾಳ ಅಂತ, ನಾ ಇಲ್ಲೇ ಈ ಗೋಡಿಗೆ ಬೆನ್ನ ಹಚ್ಚಿ ಕುಂಡರತಿದ್ದೆ.”

ಅತ್ತೆ ಮಾವನ ಮುಖವನ್ನೂ ನೋಡಲಿಲ್ಲ. ಹಿಟ್ಟಿನ ಕೈಯನ್ನೇ ಗೋಡೆಗೆ ಊರಿ ಕೇಳಿದರು.

“ಊಟ ಆತೇನ ನಿಂದು?”