ಮುಚ್ಚಿದ ಗೇಟಿನ ಮುಂದೆ ತಿರುಗಿದ ದೀಪ

1988ರ ಮಾರ್ಚ್ 9, ಬುಧವಾರ, ಬೆಳಿಗ್ಗೆ 10.20. ವಿಕ್ರೋಳಿಯ ರೈಲ್ವೆ ಗೇಟಿನ ಬಳಿ ನಾನು ಸೈಕಲ್ ಹಿಡಿದು ನಿಂತಿದ್ದೆ. ಗಂಟೆ ಬಾರಿಸುತ್ತ ಬಂದ ಫೈರ್ ಇಂಜಿನ್ ಮುಚ್ಚಿದ ಗೇಟಿನ ಮುಂದೆ ನಿಂತಿತು. ಹಳಿಗಳ ಆಚೆ ಸಾಲುಮನೆಗಳ ಚಾಳಿನ ಮೇಲೆ ಹೊಗೆ ಏಳುತ್ತಿತ್ತು.

ಇಂಜಿನ್ ಮೇಲಿನ ಕೆಂಪು ದೀಪ ನಮ್ಮ ವರ್ಕ್‌ಶಾಪಿನದು. ಅಂಥ ದೀಪಗಳನ್ನು ಪರೀಕ್ಷಿಸಿ ಕಳಿಸುವುದೇ ನನ್ನ ಕೆಲಸ. ಒಳಗಿನ ಬಲ್ಬು ಕದಲುವುದಿಲ್ಲ, ಅದರ ಸುತ್ತ ಕನ್ನಡಿ ನಿಮಿಷಕ್ಕೆ ತೊಂಬತ್ತು ಸಲ ತಿರುಗಬೇಕು. ಅಭ್ಯಾಸಬಲದಿಂದ ಗಡಿಯಾರ ನೋಡಿ ಎಣಿಸಿದೆ. ಸರಿಯಾಗಿ ತೊಂಬತ್ತು.

ಡ್ರೈವರ್ ಕೆಳಗಿಳಿದು, "ಭಾಯ್, ಖೋಲ್ ನಾ" ಎಂದು ಗೇಟ್‌ಮನ್‌ಗೆ ಕೈಮುಗಿದ. ಗೇಟ್‌ಮನ್ ವಿಜಾಪುರದ ಕಡೆಯವನು, ನನಗೆ ಪರಿಚಯದವನು. ನಾನೂ ಹೋಗಿ, "ಅಣ್ಣಾ, ಒಂದ್ ನಿಮಿಷ ತೆಗೀರಿ" ಎಂದೆ.

"ಸಿಗ್ನಲ್ ಕೊಟ್ಟಾರ ತಮ್ಮಾ. ಗಾಡಿ ಹೋಗೋತನಕ ಈ ಲಿವರ್ ಏಳಂಗಿಲ್ಲ. ನಿನ್ನ ದೀಪ ನೋಡಿ ಲೋಕಲ್ ನಿಲ್ತೈತೇನು?" ಎಂದ. ಹಾಗೆನ್ನುತ್ತಲೇ ಎರಡೂ ಕೈಯಿಂದ ಲಿವರ್ ಎಳೆದು ತೋರಿಸಿದ. ಅದು ಅಲುಗಲಿಲ್ಲ.

ಮೂರು ಲೋಕಲ್, ಒಂದು ಗೂಡ್ಸ್ ಹೋದವು. ಗೇಟು ಎದ್ದಾಗ 10.31. ಹನ್ನೊಂದು ನಿಮಿಷಕ್ಕೆ ಒಂಬೈನೂರ ತೊಂಬತ್ತು ಸುತ್ತು. ಅಷ್ಟು ಹೊತ್ತೂ ದೀಪದಲ್ಲಿ ಒಂದು ದೋಷವೂ ಕಾಣಲಿಲ್ಲ.

ಸಂಜೆ ಆ ಚಾಳಿಗೆ ಹೋಗಿ ನೋಡಿದೆ. ಒಂದೊಂದೇ ಕೋಣೆಯ ನಾಲ್ಕು ಖೋಲಿ ಸುಟ್ಟಿದ್ದವು. ಮೂರು ಖೋಲಿಯವರು ಹೊರಗೆ ಕೂತಿದ್ದರು. ಕೊನೆಯ ಖೋಲಿಯ ಮುದುಕಿಯನ್ನು ಆಸ್ಪತ್ರೆಗೆ ಒಯ್ದರು ಎಂದರು. ಯಾವ ಆಸ್ಪತ್ರೆಯೆಂದು ಯಾರಿಗೂ ಗೊತ್ತಿರಲಿಲ್ಲ. ಡೈರಿಯಲ್ಲಿ ಆ ದಿನದ ಕೊನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಆ ಚಾಳಿನಲ್ಲಿದ್ದವರು ಯಾರಾದರೂ ಇದನ್ನು ಓದಿದರೆ, ಆಕೆ ಉಳಿದರೇ ಎಂಬುದೊಂದನ್ನು ನನಗೆ ಬರೆದು ತಿಳಿಸಿ.