‘ಸಾಕು, ಏಳ್ಲಾ’ ಅನ್ನುವ ತನಕ

ಹೋದ ವಾರ ನಮ್ಮ ಹಿಂದಿನ ಬೀದಿಯಲ್ಲಿ ಯಾರೋ ಹೊಸ ಮನೆಗೆ ಪಾಯ ತೋಡಿಸುತ್ತಿದ್ದರು. ಸಂಜೆ ಆಳು ಮಣ್ಣಿನ ಗುಡ್ಡೆಗೆ ನೀರು ಚಿಮುಕಿಸಿದ. ಎದ್ದ ವಾಸನೆಗೆ ನಾನು ನಿಂತಲ್ಲೇ ನಿಂತುಬಿಟ್ಟೆ. ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ ಕುಡಿದ ಕೆಮ್ಮಣ್ಣಿನ ವಾಸನೆ. ನಿಜವಾಗಿ ಮಣ್ಣಿನಲ್ಲಿತ್ತೋ, ನನ್ನ ಮೂಗಿನಲ್ಲೇ ಉಳಿದಿತ್ತೋ... ಮಹಾರಾಜರ ಕಾಲದಲ್ಲಿ ಆ ಜಾಗದಲ್ಲಿ ಒಂದು ಗರಡಿ ಮನೆ ಇತ್ತು. ಅದರ ಉಸ್ತಾದರು ನಮ್ಮ ಮಾವ, ನನ್ನ ಗಂಡನ ತಂದೆ.

ಮನೆಯಲ್ಲಿ ಅವರದು ತೀರ ಕಡಿಮೆ ಮಾತು. ಸಾರಿಗೆ ಉಪ್ಪು ಹಾಕುವುದನ್ನು ನಾನು ಮರೆತರೂ ಸುಮ್ಮನೆ ಉಂಡು ಏಳುತ್ತಿದ್ದರು. ಗರಡಿಯಲ್ಲಿ ಮಾತ್ರ ಯಾವನದಾದರೂ ಮೊಣಕೈ ಒಂದಿಷ್ಟು ಸೊಟ್ಟಗಾದರೆ ಅವರ ಬೈಗುಳ ಅರ್ಧ ಮಧುಗಿರಿಗೆ ಕೇಳುತ್ತಿತ್ತು. ಹೆಂಗಸರು ಒಳಗೆ ಕಾಲಿಡುವಂತಿರಲಿಲ್ಲ. ತಲೆ ಬಗ್ಗಿಸದೆ ನುಗ್ಗಲಾಗದ ಆ ಗಿಡ್ಡ ಬಾಗಿಲಿನ ಹೊರಗೆ ಮಜ್ಜಿಗೆ ಚೆಂಬು ಇಟ್ಟು ಬರುವುದಷ್ಟೇ ನನ್ನ ಕೆಲಸ. ಬಾಗಿಲಿನಿಂದ ಕಂಡಷ್ಟು ಕಂಡಿತು.

ಅಲ್ಲಿ ಒಂದು ಕಟ್ಟುಪಾಡಿತ್ತು. ದಂಡ ಹೊಡೆಯಲು ನೆಲಕ್ಕೆ ಬಾಗಿದವನು ತಾನಾಗಿ ಏಳುವಂತಿಲ್ಲ. ಮಾವ ಬಂದು ಬೆನ್ನು ತಟ್ಟಿ ‘ಸಾಕು, ಏಳ್ಲಾ’ ಅನ್ನಬೇಕು. ಅಲ್ಲಿಯವರೆಗೆ ತೋಳು ನಡುಗಲಿ, ಕಣ್ಣು ಕತ್ತಲಿಡಲಿ, ಹೊಡೆಯುತ್ತಲೇ ಇರಬೇಕು. ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯಿಸಿಕೊಳ್ಳುತ್ತಿದ್ದವರು ಸ್ವಂತ ಮಗ, ನಮ್ಮವರು. ಊಟಕ್ಕೆ ಕೂತರೂ ಅಪ್ಪ ‘ಸಾಕು’ ಅನ್ನುವ ತನಕ ಏಳುವುದಿಲ್ಲವೇನೋ ಎಂದು ನಾನು ಅವರನ್ನು ರೇಗಿಸುತ್ತಿದ್ದೆ.

ಎರಡನೆಯ ಜರ್ಮನ್ ಯುದ್ಧದ ಕಾಲ. ಶಿರಾದ ಬಯಲಿನಲ್ಲಿ ಪಟಾಲಮ್ಮಿಗೆ ಆಳು ಆರಿಸುತ್ತಾರೆಂದು ಸುದ್ದಿ ಬಂತು. ನಮ್ಮವರಿಗೆ ಸಿಪಾಯಿ ಆಗುವ ಹುಚ್ಚು ಹತ್ತಿತು. ಹೋದರು, ಎದೆ ಅಳೆಸಿಕೊಂಡರು, ಓಡಿದರು. ಎಲ್ಲದರಲ್ಲೂ ಗೆದ್ದು ದಂಡದಲ್ಲಿ ಸೋತು ಬಂದರು. ಗರಡಿಯ ದಂಡದಲ್ಲಿ ಸೊಂಟ ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರಿಕೊಂಡು ಮುಂದೆ ಜಾರಿ ತಲೆ ಎತ್ತಬೇಕು. ಪಟಾಲಮ್ಮಿನವರಿಗೆ ಹಾಗಲ್ಲ. ಬೆನ್ನು ಹಲಗೆಯಂತೆ ನೆಟ್ಟಗಿರಬೇಕು, ಎದೆ ನೇರ ಇಳಿದು ನೇರ ಏಳಬೇಕು. ಇವರು ಹೊಡೆದದ್ದನ್ನು ಹವಾಲ್ದಾರ ಒಂದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲವಂತೆ.

ನಾನು ಒಲೆಯ ಮುಂದೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಗಂಡ ಮನೆಯಲ್ಲೇ ಉಳಿದರು, ನನಗೆ ಅಷ್ಟೇ ಬೇಕಿತ್ತು. ಮಾವನಿಗೆ ಮಾತ್ರ ಅವಮಾನ ನುಂಗಲಾಗಲಿಲ್ಲ.

“ನನ್ ಕೈಯಾಗೆ ಕಲ್ತೋನು ಲೆಕ್ಕಕ್ಕಿಲ್ವಾ?” ಎಂದರು. “ನೆಟ್ಟಗೇ ಹೊಡೀಬೇಕು ತಾನೆ? ಬುಡು, ಅದನ್ನೂ ನೋಡ್ಬುಡಾನ.”

ಆ ವಯಸ್ಸಿನಲ್ಲಿ ಹಜಾರದಲ್ಲೇ ಬೋರಲು ಬಿದ್ದು, ಮಗನಿಂದ ಬೆನ್ನ ಮೇಲೆ ಒನಕೆ ಇಡಿಸಿಕೊಂಡು, ಅದು ಉರುಳದಂತೆ ಎದ್ದು ಇಳಿದು ತಾವೇ ಮೊದಲು ಕಲಿತರು. ಆಮೇಲೆ ಆ ಒನಕೆ ಮಗನ ಬೆನ್ನಿಗೆ ಹೋಯಿತು. ಅದು ನಾನು ರಾಗಿ ಕುಟ್ಟುತ್ತಿದ್ದ ಒನಕೆ. ಕೇಳಿದಾಗಲೆಲ್ಲ ಬೇಕೆಂದೇ ತಡಮಾಡಿ ಕೊಡುತ್ತಿದ್ದೆ. ಆದರೆ ಸೊಸೆಯ ಸಿಟ್ಟು ಎಷ್ಟರದು, ಪಟಾಲಮ್ಮಿನವರು ಮತ್ತೆ ಬರುವ ಹೊತ್ತಿಗೆ ನಮ್ಮವರ ಬೆನ್ನು ಅಲುಗದಂತಾಗಿತ್ತು.

ಈ ಸಲ ಮಾವನೂ ಶಿರಾಕ್ಕೆ ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದರು. ಅವರು ನಗುವುದನ್ನು ನಾನು ಕಂಡದ್ದು ಅದೊಂದೇ ಸಲ.

“ಹವಾಲ್ದಾರ ಆಯ್ತು ಅಂದ್ರೂ ಇವ್ನು ನಿಲ್ಸಂಗಿಲ್ಲ ಕಣಮ್ಮ. ಹೊಡೀತಾನೇ ಅವ್ನೆ. ಆವಯ್ಯ ದಂಗಾಗಿ ಸುತ್ತ ನೋಡ್ತಾನೆ. ಕೊನೀಗೆ ನಾನೇ ಹಗ್ಗದಾಚೆಯಿಂದ ಕೂಗ್ಬೇಕಾಯ್ತು, ಸಾಕು ಏಳ್ಲಾ ಅಂತ. ಆಗ ಎದ್ದ.”

ನಮ್ಮವರು ಹೊರಟ ದಿನ ಮಾವ ಗರಡಿಯ ಮಣ್ಣು ತಂದು ಮಗನ ಹಣೆಗೆ ಹಚ್ಚಿದರು. ಮಗ ಕಣ್ಮರೆಯಾಗುವ ತನಕ ಬೀದಿಯಲ್ಲಿ ನಿಂತಿದ್ದರು. ನಾನು ಬಾಗಿಲ ಸಂದಿಯಲ್ಲಿದ್ದೆ. ನಮ್ಮವರ ನೆಟ್ಟಗಿನ ಆ ಬೆನ್ನೇ ನಾನು ಕಡೆಯದಾಗಿ ಕಂಡದ್ದು.

ಬರ್ಮಾದ ಕಡೆ ತೀರಿಕೊಂಡರೆಂದು ತಂತಿ ಬಂತು. ಮಾವ ಅಳಲಿಲ್ಲ. ಮಾರನೆಯ ಬೆಳಿಗ್ಗೆಯೂ ಗರಡಿಗೆ ಹೋಗಿ ಹುಡುಗರನ್ನು ಬೈದರು. ಎಂಥ ಕಲ್ಲು ಮನುಷ್ಯ ಎಂದು ಅವರ ಮೇಲೆ ನನಗೆ ಅಸಹ್ಯವೇ ಆಗಿತ್ತು... ಕೆಲವು ತಿಂಗಳ ಮೇಲೆ ವೈ.ಎನ್.ಹೊಸಕೋಟೆಯ ಒಬ್ಬ ಸಿಪಾಯಿ ರಜೆಯಲ್ಲಿ ನಮ್ಮನ್ನು ಹುಡುಕಿಕೊಂಡು ಬಂದ. ಇವರ ಜೊತೆಯಲ್ಲೇ ಇದ್ದವನಂತೆ. ಕೊಟ್ಟ ನೀರು ಕೈಯಲ್ಲೇ ಇತ್ತು, ಕುಡಿಯಲಿಲ್ಲ.

“ಇಮಾನ ಬಂತು, ಎಲ್ರೂ ಬೋರಲು ಬಿದ್ವಿ ಯಜಮಾನ್ರೇ. ಹೋದ್ಮೇಲೆ ನಾವೆಲ್ಲ ಎದ್ವಿ. ಅಣ್ಣ ಮಾತ್ರ...” ಎಂದವನಿಗೆ ಮುಂದೆ ಕನ್ನಡ ಹೊರಡಲಿಲ್ಲ. ತೆಲುಗಿನಲ್ಲೇ “ಲೇವಲೇದು” ಎಂದ. ಏಳಲಿಲ್ಲ ಎಂದು ಅದರರ್ಥ.

ಮಾವ ತಲೆ ಎತ್ತಿ ನೋಡಿದರು. ಆಮೇಲೆ ಎದ್ದು ಹೊರಗೆ ಹೋದರು.

ದೀಪ ಹಚ್ಚುವ ಹೊತ್ತಾದರೂ ಅವರು ಬರಲಿಲ್ಲ. ಹುಡುಕುತ್ತಾ ಗರಡಿಯ ಬಾಗಿಲಿಗೆ ಹೋದೆ. ಒಳಗೆ ಮಾವ ಒಬ್ಬರೇ ಮಣ್ಣಿನ ಮೇಲೆ ಮಂಡಿಯೂರಿ ಕೂತಿದ್ದರು. ಅಗಲವಾದ ಕೈಯಿಂದ ಬರಿಯ ಮಣ್ಣನ್ನು ತಟ್ಟುತ್ತಿದ್ದರು, ಮೆಲ್ಲಗೆ, ಬೆನ್ನು ತಟ್ಟುವ ಹಾಗೆ.

“ಸಾಕು, ಏಳ್ಲಾ. ಸಾಕು ಕಣ್ಲಾ ಮಗಾ, ಏಳು.”

ನಾನು ತಲೆ ಬಗ್ಗಿಸಿ ಒಳಗೆ ಹೋದೆ. ಕಟ್ಟುಪಾಡು ನೆನಪಿಗೇ ಬರಲಿಲ್ಲ. ನನ್ನನ್ನು ಕಂಡರೂ ಮಾವ ಬೈಯಲಿಲ್ಲ.

“ನಾನು ಏಳು ಅನ್ನದೆ ಅವ್ನು ಯಾವತ್ತಾನ ಎದ್ದವ್ನಾ ಕಣಮ್ಮ? ಅಂಗೇ ಕಾಯ್ತಾ ಬಿದ್ದಿದ್ದ. ಅನ್ನಾಕೆ ನಾನು ಅಲ್ಲಿರ್ನಿಲ್ಲ” ಎಂದರು. ಹಾಗೇ ಮುಂದಕ್ಕೆ ಬಾಗಿ ಹಣೆಯನ್ನು ಮಣ್ಣಿಗೊತ್ತಿ ಅತ್ತರು. ಆ ಅಳು ನಿಲ್ಲುವಂತೆ ಕಾಣಲಿಲ್ಲ. ಸೊಸೆ ಮಾವನನ್ನು ಮುಟ್ಟುವುದುಂಟೇ? ನಾನು ಅವರ ಬೆನ್ನ ಮೇಲೆ ಕೈಯಿಟ್ಟು ತಟ್ಟಿದೆ.

“ಸಾಕು ಮಾವ, ಏಳಿ” ಎಂದೆ.

ಅವರು ಎದ್ದರು. ನನ್ನ ಹಿಂದೆ ಹಿಂದೆಯೇ ಮನೆಗೆ ಬಂದು, ಬಡಿಸಿದ್ದನ್ನು ಉಂಡರು.

ಮತ್ತೆ ಅವರು ಯಾರಿಗೂ ದಂಡ ಹೇಳಿಕೊಡಲಿಲ್ಲ. ಗರಡಿಗೆ ಬೀಗ ಬಿತ್ತು, ಒಂದೆರಡು ಮಳೆಗಾಲಕ್ಕೆ ಗೋಡೆ ಕೂತಿತು. ಮಾವನೂ ಹೋದರು. ಆ ಮನೆಯನ್ನು ಬಿಟ್ಟು ನಾನು ಎಲ್ಲಿಗೂ ಹೋಗಲಿಲ್ಲ. ತವರಿನವರು ಕರೆದು ಕರೆದು ಸಾಕಾದರು.

ಹೋದ ವಾರ ಆ ಪಾಯದ ಗುಡ್ಡೆಯಿಂದ ಒಂದು ಹಿಡಿ ಮಣ್ಣು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಾಗ ಆಳು, “ಎಷ್ಟು ಹೊತ್ತು ನಿಂತಿದ್ದೀಯವ್ವಾ, ಮನೀಗೋಗು” ಎಂದ. ಕತ್ತಲಾಗಿತ್ತು. ಅವತ್ತು ಮಾವನಿಗೆ ನಾನು ಹೇಳಿದೆ, ಎದ್ದರು. ನನಗೆ ‘ಸಾಕು, ಏಳು’ ಅನ್ನಬೇಕಾದವರು ಇಬ್ಬರೂ ಹೋಗಿದ್ದಾರೆ.